ಬಾಗಿಲ ಬದಿಯ ಬೀಟೆ ಹಲಗೆ

ಮೈಸೂರಿನ ಮಂಡಿ ಮೊಹಲ್ಲಾದ ಒಳಗಲ್ಲಿಗಳಲ್ಲಿ ಬಿಸಿಲು ಇನ್ನೂ ನೆಲಕ್ಕಿಳಿದಿರುವುದಿಲ್ಲ, ಅಷ್ಟರಲ್ಲೇ ಗರಗಸದ ಸದ್ದು ಶುರುವಾಗಿರುತ್ತದೆ. ಸಾಮಿಲ್ಲಿನ ಅಬ್ಬರ ಅದಕ್ಕಿಲ್ಲ. ನಿಂತು ಕಿವಿಗೊಟ್ಟವರಿಗೆ ಮಾತ್ರ ಕೇಳುವ, ಸಣ್ಣ ಹಲ್ಲಿನ, ಲಯ ತಪ್ಪದ ಕಿರುಸದ್ದು. ಅದರ ಜಾಡು ಹಿಡಿದು ಹೋದರೆ ಹೆಂಚು ಹೊದಿಸಿದ ಉದ್ದನೆಯ ಕೋಣೆಯೊಂದು ಸಿಗುತ್ತದೆ. ಬಾಗಿಲಲ್ಲಿ ನಾಲ್ಕಾರು ಜೊತೆ ಚಪ್ಪಲಿ. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವುದು ಮೂರು ವಾಸನೆ: ಆಗತಾನೇ ಕೊಯ್ದ ಬೀಟೆಯ ಸಿಹಿಗಂಪು, ಅಂಟಿನ ಹುಳಿ ವಾಸನೆ, ಒಳಮೂಲೆಯಲ್ಲಿ ಪಾಲಿಶ್ ಹಾಕುವವರ ಕಡೆಯಿಂದ ತೇಲಿ ಬರುವ ಸ್ಪಿರಿಟ್ಟಿನ ಘಾಟು. ನೆಲದ ತುಂಬ ಮರದ ಹುಡಿ. ಬಗ್ಗಿ ನೋಡಿದರೆ ಆ ಹುಡಿಯೂ ಒಂದೇ ಬಣ್ಣದ್ದಲ್ಲ. ಒಬ್ಬರ ಕಾಲಬುಡದಲ್ಲಿ ನೇರಳೆಗಪ್ಪು, ಪಕ್ಕದವರ ಬಳಿ ಅರಿಶಿನದ ಹಳದಿ, ಆಚೆಯವರ ಬಳಿ ಕೆನೆಬಿಳಿ.

ಇಲ್ಲಿ ಕುಳಿತವರು ಮರದೊಳಗೆ ಮರ ಕೂರಿಸುವವರು. ಹೊರಗಿನವರು ಮೈಸೂರು ರೋಸ್‌ವುಡ್ ಇನ್‌ಲೇ ಎಂದು ಕರೆಯುವ ಕಸುಬು ಊರಿನವರ ಬಾಯಲ್ಲಿ ಬರೀ ‘ಇನ್‌ಲೇ ಕೆಲಸ’. ದಸರಾ ಮೆರವಣಿಗೆಯನ್ನು ತೋರಿಸುವ ದೊಡ್ಡ ಗೋಡೆಫಲಕ, ಟೀಪಾಯಿ, ಒಡವೆ ಪೆಟ್ಟಿಗೆ, ಎಲ್ಲವೂ ಇಂಥ ಕೋಣೆಗಳಲ್ಲೇ ಹುಟ್ಟುತ್ತವೆ. ಅವುಗಳ ನಡುವೆ ನನ್ನ ಕಣ್ಣು ನಿಂತದ್ದು ಚಿಕ್ಕದೊಂದು ವಸ್ತುವಿನ ಮೇಲೆ. ಒಂದಡಿ ಉದ್ದ, ನಾಲ್ಕೈದು ಅಂಗುಲ ಅಗಲದ ಬೀಟೆ ಹಲಗೆ. ಅದರ ಕೆಳಗಿನ ಅಂಚಿನಲ್ಲಿ ಸಾಲಾಗಿ ಐದು ಹಿತ್ತಾಳೆ ಕೊಕ್ಕೆ. ಬೀಗದ ಕೈ ತೂಗುಹಾಕುವ ಹಲಗೆ. ಅಂಗಡಿಯವರು ‘ಕೀ ಹೋಲ್ಡರ್’ ಅನ್ನುತ್ತಾರೆ.

ಮನೆಗೆ ತರುವ ಮರದ ಸಾಮಾನುಗಳ ಪೈಕಿ ಇದರ ಸ್ಥಾನ ಕೊನೆಯಲ್ಲಿ. ಮಂಚ, ಬೀರು, ಊಟದ ಮೇಜು ಎಲ್ಲ ಆದ ಮೇಲೆ, ಉಳಿದ ದುಡ್ಡಿನಲ್ಲಿ, ನೆನಪಾದರೆ ಕೊಳ್ಳುವಂಥದ್ದು. ಆದರೆ ಮನೆಮಂದಿಯೆಲ್ಲ ದಿನಕ್ಕೆ ಎರಡು ಸಲವಾದರೂ ಕೈಯಿಡುವ ಮರದ ವಸ್ತು ಇದು: ಹೊರಡುವಾಗ ಒಮ್ಮೆ, ಬಂದಾಗ ಒಮ್ಮೆ. ಇಷ್ಟು ಸಣ್ಣದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆ ಅನ್ನುವುದರಲ್ಲೇ ಒಂದು ಕಸುಬಿನ ಮರ್ಯಾದೆ ಗೊತ್ತಾಗುತ್ತದೆ ಎಂದು ನಂಬಿದವನು ನಾನು. ಹಾಗಾಗಿ ಆ ಹಲಗೆ ಆಗುವ ಬಗೆಯನ್ನು ಮೊದಲಿಂದ ಕೊನೆವರೆಗೆ ನೋಡುತ್ತ ಕುಳಿತೆ.

ಮೊದಲು ಕಾಗದ. ಎಲ್ಲರೂ ‘ಉಸ್ತಾದ್’ ಎಂದು ಕರೆಯುವ ಹಿರಿಯರು ಕನ್ನಡಕವನ್ನು ಹಣೆಗೇರಿಸಿ ಟ್ರೇಸಿಂಗ್ ಹಾಳೆಯ ಮೇಲೆ ಪೆನ್ಸಿಲ್ ಆಡಿಸುತ್ತಾರೆ. ಹೊಳೆಯ ದಡದಲ್ಲಿ ನಿಂತ ಸಲಗ, ಹಿಂದೆ ಎರಡು ಗುಡ್ಡ, ಗುಡ್ಡಗಳ ಸಂದಿಯಲ್ಲಿ ಅರ್ಧ ಮೇಲೆದ್ದ ಸೂರ್ಯ, ಮುಂದೆ ನಾಲ್ಕು ಎಸಳು ಜೊಂಡು. ಗೆರೆಗಳ ತುದಿ ಎಲ್ಲಿಯೂ ತೆರೆದುಕೊಂಡಿಲ್ಲ. ಪ್ರತಿಯೊಂದು ಗೆರೆ ಇನ್ನೊಂದಕ್ಕೆ ಹೋಗಿ ಸೇರಬೇಕು, ಪ್ರತಿಯೊಂದು ಭಾಗ ಮುಚ್ಚಿದ ಕೋಣೆಯಾಗಬೇಕು. ಯಾಕೆಂದರೆ ಒಂದೊಂದು ಭಾಗವೂ ಒಂದೊಂದು ಮರದ ತುಂಡಾಗಿ ಬರಬೇಕಾದದ್ದು. ಆನೆಯ ಕಿವಿ ಬೇರೆ, ಸೊಂಡಿಲು ಬೇರೆ, ದಂತ ಬೇರೆ, ಹತ್ತಿರದ ಕಾಲು ಬೇರೆ, ದೂರದ ಕಾಲು ಬೇರೆ.

ಹಾಳೆಯ ಕೆಳಗಿನ ಒಂದಂಗುಲದಲ್ಲಿ ಮಾತ್ರ ಒಂದೂ ಗೆರೆಯಿಲ್ಲ. ಅದನ್ನು ಯಾಕೆ ಖಾಲಿ ಬಿಟ್ಟಿರಿ ಎಂದು ಕೇಳಿದೆ.

“ಅಲ್ಲಿ ಕೊಕ್ಕೆ ಬರುತ್ತೆ ಸಾರ್. ಬೀಗದ ಕೈ ಕಬ್ಬಿಣ. ದಿನಾ ತಗೊಳ್ಳೋದು, ಹಾಕೋದು. ಚಿತ್ರದ ಮೇಲೇ ಕೊಕ್ಕೆ ಹಾಕಿದ್ರೆ ಆನೆ ಹೊಟ್ಟೆ ಎಲ್ಲ ಗೀರು ಬೀಳುತ್ತೆ. ಚಿತ್ರ ಮೇಲೆ ಇರಬೇಕು, ಕೆಲಸ ಕೆಳಗೆ ಆಗಬೇಕು” ಎಂದರು.

ಬಳಕೆಯನ್ನು ಮರೆತ ಅಲಂಕಾರ ಬಾಳುವುದಿಲ್ಲ ಅನ್ನುವ ಮಾತನ್ನು ಇದಕ್ಕಿಂತ ಚುಟುಕಾಗಿ ಯಾರೂ ಹೇಳಲಾರರು.

ಆಮೇಲೆ ಮರಗಳ ಸರದಿ. ಗೋಡೆಗೆ ಒರಗಿಸಿದ ಗೂಡುಗಳಲ್ಲಿ ತೆಳು ಹಾಳೆಗಳಾಗಿ ಸೀಳಿದ ಮರಗಳನ್ನು ಬಣ್ಣದ ಪ್ರಕಾರ ಜೋಡಿಸಿಟ್ಟಿರುತ್ತಾರೆ. ಈ ಕಸುಬಿನ ಜೀವಾಳ ಇರುವುದು ಇಲ್ಲೇ. ಚಿತ್ರದ ಬಣ್ಣಗಳು ಡಬ್ಬಿಯಿಂದ ಬರುವುದಿಲ್ಲ, ಮರದ ಒಡಲಿನಿಂದ ಬರುತ್ತವೆ. ಬಿಳಿ ಬೇಕಾದರೆ ಹಾಲೆ ಮರ. ಚನ್ನಪಟ್ಟಣದ ಬೊಂಬೆಗಳಿಗೆ ಒದಗುವುದೂ ಇದೇ. ಹಳದಿಗೆ ಹಲಸು, ಅರಿಶಿನ ತೇಗ. ಹೊಂಬಣ್ಣದ ಕಂದಿಗೆ ತೇಗ. ಹಸಿರು ಛಾಯೆಗೆ ಸಂಪಿಗೆಯ ತಿರುಳು. ಕೆಂಪಿಗೆ ತಿರುಗಿದ ಕಂದಿಗೆ ಹೊನ್ನೆ, ಮಹಾಗನಿ. ಅಚ್ಚಗಪ್ಪಿಗೆ ಕರಿಮರ. ಇವೆಲ್ಲವನ್ನೂ ಮಡಿಲಲ್ಲಿ ಕೂರಿಸಿಕೊಳ್ಳುವ ನೆಲ ಮಾತ್ರ ಬೀಟೆ. ಕಡುಗಂದಿನೊಳಗೆ ನೇರಳೆ, ನೇರಳೆಯೊಳಗೆ ಕಪ್ಪು ಎಳೆ ಇರುವ ಅದರ ಮೈ ಯಾವ ಬಣ್ಣ ಇಟ್ಟರೂ ಅದನ್ನು ಎತ್ತಿ ತೋರಿಸುತ್ತದೆ. ಅಲ್ಲದೆ ಅದು ಗಟ್ಟಿ, ಭಾರ, ಮೈನುಣುಪು ಹೆಚ್ಚು. ಸರಿಯಾಗಿ ಒಣಗಿದ ಮೇಲೆ ಸುಲಭಕ್ಕೆ ಸೊಟ್ಟಗಾಗುವುದಿಲ್ಲ.

ಬಣ್ಣ ಹೊಂದಿದರೆ ಅರ್ಧ ಕೆಲಸ ಮಾತ್ರ ಆಯಿತು. ಎಳೆಯೂ ಹೊಂದಬೇಕು. ಸೂರ್ಯನ ಹಿಂದಿನ ಆಕಾಶಕ್ಕೆ ಹಲಸಿನ ತುಂಡು ಹುಡುಕುವಾಗ ಉಸ್ತಾದರು ಒಂದರ ಮೇಲೊಂದರಂತೆ ಹಾಳೆಗಳನ್ನು ಬೆಳಕಿಗೆ ಹಿಡಿದು ಪಕ್ಕಕ್ಕಿಡುತ್ತ ಹೋದರು. ಕೊನೆಗೆ ಕೈ ನಿಂತದ್ದು ಎಳೆಗಳು ಅಡ್ಡಡ್ಡ ಹರಿದು ನಡುವೆ ಸಣ್ಣಗೆ ಅಲೆಯೆದ್ದಿದ್ದ ತುಂಡಿನಲ್ಲಿ. ಮರ ಎಂದೋ ಒಂದು ಕೊಂಬೆಯನ್ನು ಸುತ್ತಿಕೊಂಡು ಬೆಳೆದಾಗ ಆದ ಅಲೆ ಅದು. ಚಿತ್ರದಲ್ಲಿ ಅದೇ ಬೆಳಗಿನ ಮೋಡ. ನೀರಿಗೆ ಉದ್ದೆಳೆಯ ತೇಗ, ಹೊಳೆಯ ಹರಿವಿನ ಕಡೆಗೇ ಎಳೆ ತಿರುಗಿರಬೇಕು. ಸೊಂಡಿಲಿನ ತುಂಡಿನಲ್ಲಿ ಎಳೆ ಮೇಲಿಂದ ಕೆಳಕ್ಕೆ ಇಳಿಯಬೇಕು. ಅಡ್ಡ ಬಂದರೆ ಆನೆ ಜೀವ ಕಳೆದುಕೊಳ್ಳುತ್ತದೆ, ಮೇಲಾಗಿ ಸಣ್ಣ ತುದಿ ಗರಗಸಕ್ಕೆ ಸಿಕ್ಕಿ ಮುರಿದೂ ಹೋಗುತ್ತದೆ. ಅಂದ ಮತ್ತು ಬಾಳಿಕೆ ಎರಡೂ ಇಲ್ಲಿ ಒಂದೇ ನಿಯಮವನ್ನು ಕೇಳುತ್ತವೆ.

ಕತ್ತರಿಸುವ ಕೆಲಸ ಇನ್ನೊಬ್ಬರದು. ಈ ಕಸುಬಿನಲ್ಲಿ ಮರಗೆಲಸ, ಕತ್ತರಿಸುವುದು, ಕೂರಿಸುವುದು, ಪಾಲಿಶ್ ಹಿಡಿಯುವುದು ಬಹುಮಟ್ಟಿಗೆ ಬೇರೆ ಬೇರೆ ಕೈಗಳ ಪಾಲು. ಗರಗಸದವರ ಮುಂದೆ ಬಾಯಿ ಬಿಟ್ಟ ಸಣ್ಣ ಹಲಗೆಯೊಂದನ್ನು ಮೇಜಿಗೆ ಬಿಗಿದಿರುತ್ತಾರೆ. ಆ ಬಾಯಿಯ ಮೇಲೆ ಮರದ ಹಾಳೆ, ಹಾಳೆಯ ಮೇಲೆ ಅಂಟಿಸಿದ ಚಿತ್ರದ ಚೂರು. ಗರಗಸದ ಅಲಗು ದಪ್ಪ ನೂಲಿಗಿಂತ ಹೆಚ್ಚು ಅಗಲವಿಲ್ಲ. ಅದು ನಿಂತಲ್ಲೇ ಮೇಲಕ್ಕೆ ಕೆಳಕ್ಕೆ ಆಡುತ್ತದೆ, ತಿರುಗುವುದು ಮರ. ಎಡಗೈಯ ಬೆರಳುಗಳು ಮರವನ್ನು ನಿಧಾನಕ್ಕೆ ತಿರುಗಿಸುತ್ತ ಗೆರೆಯನ್ನು ಗರಗಸದ ಬಾಯಿಗೆ ತಂದುಕೊಡುತ್ತವೆ. ಗೆರೆಯ ಹೊರಮೈಗೆ ತಾಗಿ ಕತ್ತರಿಸಬೇಕು, ಗೆರೆ ಉಳಿಯಬೇಕು. ಒಳಗೆ ಹೋದರೆ ತುಂಡು ಚಿಕ್ಕದಾಗಿ ಸಂದು ಬಿಡುತ್ತದೆ. ಹೊರಗುಳಿದರೆ ಅರದಿಂದ ಉಜ್ಜಿ ಸರಿಮಾಡಬಹುದು. “ಹೆಚ್ಚಿದ್ರೆ ತೆಗೀಬಹುದು, ಕಮ್ಮಿಯಾದ್ರೆ ಸೇರಿಸಕ್ಕಾಗಲ್ಲ” ಎಂದು ಕತ್ತರಿಸುವ ತರುಣ ತಲೆಯೆತ್ತದೆ ಹೇಳಿದ. ಅವನ ಮುಂದಿನ ತಟ್ಟೆಯಲ್ಲಿ ಹಾಲೆ ಮರದ ಎರಡು ದಂತ ಬಂದು ಬಿದ್ದಿದ್ದವು. ಒಂದೊಂದೂ ಅಕ್ಕಿಕಾಳಿನಷ್ಟೇ.

ಇತ್ತ ಬೀಟೆ ಹಲಗೆಯ ಮೇಲೆ ಕೂರಿಸುವವರು ಜೋಡಿಸಿದ ಆನೆಯನ್ನಿಟ್ಟು ಚೂಪು ಕತ್ತಿಯ ಮೊನೆಯಿಂದ ಸುತ್ತ ಗೀರು ಹಾಕುತ್ತಾರೆ. ಪೆನ್ಸಿಲಿನ ಗೆರೆಗೆ ದಪ್ಪವಿದೆ, ಕತ್ತಿಯ ಗೀರಿಗಿಲ್ಲ. ಹಾಗಾಗಿ ಇಲ್ಲಿ ಪೆನ್ಸಿಲ್ ನಡೆಯದು. ಗೀರಿನ ಒಳಗಿನ ಮರವನ್ನು ಸಣ್ಣ ಉಳಿಯಿಂದ ಪದರ ಪದರವಾಗಿ ಕೆತ್ತಿ ತೆಗೆದರೆ ಆನೆಯಾಕಾರದ ಒಂದು ತಗ್ಗು. ಅದರ ಆಳ ಕೂರಿಸುವ ತುಂಡಿನ ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಿಮೆ. ತುಂಡು ಮೊದಲು ತುಸು ಎದ್ದು ನಿಂತು, ಆಮೇಲೆ ಉಜ್ಜಿದಾಗ ನೆಲಕ್ಕೆ ಸಮವಾಗಬೇಕು. ತಗ್ಗಿನಲ್ಲಿ ಹೂತುಹೋದ ತುಂಡನ್ನು ಸಮ ಮಾಡಬೇಕೆಂದರೆ ಇಡೀ ಹಲಗೆಯನ್ನೇ ಉಜ್ಜಿ ಇಳಿಸಬೇಕಾಗುತ್ತದೆ. ಅಂಟು ಹಚ್ಚಿ, ಹೆಬ್ಬೆರಳಿನಿಂದ ಒತ್ತಿ, ಮೇಲೊಂದು ಹಾಳೆ, ಹಾಳೆಯ ಮೇಲೆ ಹಲಗೆ, ಹಲಗೆಯ ಮೇಲೆ ಭಾರ. ಅವತ್ತಿಗೆ ಅದರ ಕೆಲಸ ಮುಗಿಯಿತು. ಅಂಟು ಪೂರ್ತಿ ಒಣಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ.

ಅಂಟು ಒಣಗುವ ಹೊತ್ತಿನಲ್ಲಿ ಈ ಕಸುಬಿನ ಹಿಂದಿನ ದಾರಿಯನ್ನು ನೆನೆಯಬಹುದು. ಇಲ್ಲಿಂದ ಅರಮನೆ ದೂರವಿಲ್ಲ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಿದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರೊಳಗೆ ಅರಸರು ಖಾಸಗಿಯಾಗಿ ದರ್ಶನ ಕೊಡುತ್ತಿದ್ದ ಅಂಬಾವಿಲಾಸಕ್ಕೆ ಹೋದವರು ಅಲ್ಲಿನ ಬಣ್ಣದ ಗಾಜು, ಚಿನ್ನದ ಬಣ್ಣದ ಕಂಬಗಳನ್ನು ನೋಡಿ ತಲೆ ಮೇಲೆತ್ತಿಕೊಂಡೇ ನಡೆಯುತ್ತಾರೆ. ಸ್ವಲ್ಪ ಕಣ್ಣು ಇಳಿಸಿದರೆ ಬಾಗಿಲು ಕಾಣುತ್ತದೆ. ಬೀಟೆಯ ಬಾಗಿಲು, ಅದರ ಮೈಯಲ್ಲಿ ದಂತದ ಕುಸುರಿ. ಕಡುಗಪ್ಪು ಮರದ ಮೇಲೆ ಬಳ್ಳಿ, ಹೂವು, ಎಲೆಗಳು ಕೆನೆಬಣ್ಣದಲ್ಲಿ ಅರಳಿವೆ. ಮೈಸೂರಿನ ಇನ್‌ಲೇ ಕೆಲಸ ತನ್ನ ಎತ್ತರ ಮುಟ್ಟಿದ ಜಾಗಗಳಲ್ಲಿ ಅದೊಂದು.

ಆಗ ದಂತವೇ ಈ ಕಸುಬಿನ ಬಿಳಿ. ಕಾಡಿನ ಆನೆಗಳು ಅದಕ್ಕೆ ತೆತ್ತ ಬೆಲೆ ನಮಗೆಲ್ಲ ಗೊತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರ ತಿದ್ದುಪಡಿ ಆಫ್ರಿಕದಿಂದ ಬರುತ್ತಿದ್ದ ದಂತಕ್ಕೂ ಬಾಗಿಲು ಮುಚ್ಚಿತು. ಕೆಲವರು ದಂತದ ಜಾಗಕ್ಕೆ ಪ್ಲಾಸ್ಟಿಕ್ ತಂದರು. ಹೆಚ್ಚಿನವರು ಕಾಡಿನ ಬಣ್ಣಗಳಿಗೇ ಕೈ ಚಾಚಿದರು. ಹಾಲೆ, ಹಲಸು, ಸಂಪಿಗೆ, ಹೊನ್ನೆಗಳ ಇಂದಿನ ಸಿರಿ ಹೀಗೆ ಬೆಳೆದದ್ದು. ದಂತದ ಕಾಲದಲ್ಲಿ ಕಪ್ಪು ನೆಲದ ಮೇಲೆ ಬಿಳಿಯ ಬಳ್ಳಿಯೇ ಹೆಚ್ಚಾಗಿದ್ದಲ್ಲಿ ಈಗ ಬೆಳಗು, ಬೈಗು, ಹೊಳೆ, ಗದ್ದೆ, ಎತ್ತಿನಗಾಡಿ ಎಲ್ಲ ಬಂದವು. ನಾನು ನೋಡುತ್ತಿದ್ದ ಹಲಗೆಯ ಸಲಗಕ್ಕೂ ದಂತವಿತ್ತು, ಹಾಲೆ ಮರದ ದಂತ. ಯಾವ ಆನೆಯ ಪ್ರಾಣವೂ ಅದಕ್ಕಾಗಿ ಹೋಗಿಲ್ಲ. ಕಾನೂನು ಒಂದು ಕಲೆಯನ್ನು ಕೊಲ್ಲದೆ ತಿದ್ದಿದ ಉದಾಹರಣೆ ಬೇಕಾದರೆ ಇದನ್ನು ತೋರಿಸಬಹುದು.

ಇಂಥ ಕೆಲಸಕ್ಕೆ 2005–06ರ ಸಾಲಿನಲ್ಲಿ ‘ಮೈಸೂರು ರೋಸ್‌ವುಡ್ ಇನ್‌ಲೇ’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮೈಸೂರು ರೇಷ್ಮೆ, ಬಿದರಿ, ಚನ್ನಪಟ್ಟಣದ ಬೊಂಬೆಗಳ ಜೊತೆಗೆ ಅದೂ ನಾಡಿನ ಹೆಸರು ಹೊತ್ತಿತು.

ಅಂಟು ಒಣಗಿತು. ಭಾರ ಇಳಿಸಿದ ಹಲಗೆಯನ್ನು ನೋಡಿದರೆ ನಿರಾಸೆಯಾಗುತ್ತದೆ. ಎಲ್ಲ ಕಡೆ ಅಂಟಿನ ಬಿಳಿ ಕಲೆ, ಕಾಗದದ ಚೂರು, ಎದ್ದ ಅಂಚು. ಯಾವುದು ಹಲಸು, ಯಾವುದು ತೇಗ ಗೊತ್ತಾಗುವುದಿಲ್ಲ. ಉಕ್ಕಿನ ತೆಳು ಪಟ್ಟಿಯಿಂದ ಕೆರೆದು ಮೇಲ್ಮೈಯನ್ನು ಒಂದೇ ಸಮಕ್ಕೆ ತರುತ್ತಾರೆ. ಆಮೇಲೆ ಉಪ್ಪುಕಾಗದ. ಮೊದಲು ಒರಟು ಕಾಗದ, ಆಮೇಲೆ ನುಣುಪು, ಕೊನೆಗೆ ಕೈಗೆ ಬಟ್ಟೆಯಷ್ಟೇ ಮೆತ್ತಗೆ ಹತ್ತುವಂಥದ್ದು. ಇಲ್ಲೊಂದು ಎಚ್ಚರ ಬೇಕು. ಬೀಟೆಯ ಹುಡಿ ಬಲು ಕಪ್ಪು. ಅದು ಹಾಲೆ ಮರದ ರಂಧ್ರಗಳಿಗೆ ಹೊಕ್ಕರೆ ಬಿಳಿ ಮಾಸುತ್ತದೆ. ಹಾಗಾಗಿ ಉಜ್ಜುವವರು ಮತ್ತೆ ಮತ್ತೆ ನಿಲ್ಲಿಸಿ ಬ್ರಷ್ಷಿನಿಂದ ಹುಡಿ ಹಾರಿಸುತ್ತಾರೆ, ಎಳೆಯ ದಿಕ್ಕಿಗೇ ಕೈಯಾಡಿಸುತ್ತಾರೆ. ಆನೆಯ ಕಣ್ಣು, ಕಿವಿಯ ಮಡಿಕೆ, ಸೊಂಡಿಲಿನ ಸುಕ್ಕುಗಳನ್ನು ಮೊನಚು ಕತ್ತಿಯಿಂದ ಗೀರಿ ತೋರಿಸುವುದು ಈ ಹಂತದಲ್ಲೇ.

ಕೊನೆಗೆ ಪಾಲಿಶ್. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಮೇಲೆ ಹಳೆಯ ಪಂಚೆ ಸುತ್ತಿದ ಉಂಡೆಯನ್ನು ಅದರಲ್ಲಿ ಅದ್ದಿ, ಹಲಗೆಯ ಮೇಲೆ ಮೊದಲ ಸಲ ಎಳೆಯುವ ಗಳಿಗೆಯನ್ನು ಯಾರೂ ತಪ್ಪಿಸಿಕೊಳ್ಳಬಾರದು. ಬೂದಿ ಬಣ್ಣಕ್ಕೆ ತಿರುಗಿದ್ದ ಮರ ಆ ಒಂದು ಎಳೆತಕ್ಕೆ ಬಾಯಿ ಬಿಡುತ್ತದೆ. ಬೀಟೆ ಕಪ್ಪಾಗಿ ಇಳಿಯುತ್ತದೆ, ಹಲಸು ಬೆಳಗಾಗಿ ಏರುತ್ತದೆ, ಹೊಳೆಯ ತೇಗದಲ್ಲಿ ಮಿಂಚು ಓಡುತ್ತದೆ. ಒಂದು ಕೈ ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಈಗ ಹಲವು ಕಡೆ ಗನ್ನಿನಿಂದ ಸಿಂಪಡಿಸುವ ಮೆರುಗೂ ಬಂದಿದೆ. ಅದು ಬೇಗ ಆಗುತ್ತದೆ, ನೀರಿಗೆ ಹೆಚ್ಚು ತಡೆಯುತ್ತದೆ. ಅರಗಿನ ಪಾಲಿಶ್ ನಿಧಾನದ್ದು, ಆದರೆ ಮರ ಮರವಾಗಿಯೇ ಉಳಿಯುತ್ತದೆ. ಮುಂದೊಂದು ದಿನ ಗೀರು ಬಿದ್ದರೆ ಅದರ ಮೇಲೇ ಇನ್ನೊಂದು ಕೈ ಹಾಕಿ ಸರಿಮಾಡಲೂ ಬರುತ್ತದೆ.

ಕೊಕ್ಕೆ ಹಾಕುವುದು ಅತಿ ಸುಲಭ ಎಂದು ನಾವು ತಿಳಿಯುತ್ತೇವೆ. ಅಲ್ಲೂ ಬುದ್ಧಿ ಬೇಕು. ಬೀಟೆ ಗಟ್ಟಿ ಮರ, ಹಿತ್ತಾಳೆ ಮೆದು ಲೋಹ. ನೇರ ತಿರುಗಿಸಿದರೆ ಒಂದೋ ಹಲಗೆಯ ಅಂಚು ಸೀಳುತ್ತದೆ, ಇಲ್ಲವೇ ಕೊಕ್ಕೆಯ ಕುತ್ತಿಗೆ ಅರ್ಧದಲ್ಲಿ ಮುರಿದು ಒಳಗೇ ಸಿಕ್ಕಿಕೊಳ್ಳುತ್ತದೆ. ಮೊದಲು ಕೊಕ್ಕೆಗಿಂತ ತುಸು ಸಣ್ಣ ತೂತು ಕೊರೆಯಬೇಕು. ಕೊಕ್ಕೆಯ ತಿರುಪಿಗೆ ಮೇಣ ಸವರಬೇಕು. ಎರಡು ಕೊಕ್ಕೆಗಳ ನಡುವೆ ಎರಡು ಅಂಗುಲವಾದರೂ ಜಾಗ ಬೇಕು. ಇಲ್ಲವಾದರೆ ಗೊಂಚಲುಗಳು ಒಂದಕ್ಕೊಂದು ಸಿಕ್ಕಿಕೊಂಡು, ಅವಸರದಲ್ಲಿ ಒಂದನ್ನು ಎಳೆದರೆ ಇನ್ನೊಂದು ನೆಲಕ್ಕೆ ಬೀಳುತ್ತದೆ. ಕೊನೆಯ ಕೊಕ್ಕೆ ಕೂರಿಸಿ ಬೆರಳಿನಿಂದ ಎಳೆದು ನೋಡುತ್ತ ಉಸ್ತಾದರು ಕೇಳಿದರು: “ಎಲ್ಲಿಗೆ ಹೋಗುತ್ತೆ ಸಾರ್ ಇದು? ಮಂಗಳೂರು ಕಡೆಗಾ, ಬಳ್ಳಾರಿ ಕಡೆಗಾ?” ಕಡಲ ತೇವಕ್ಕೆ ಮರ ಉಬ್ಬುತ್ತದೆ, ಬಯಲುಸೀಮೆಯ ಒಣಗಾಳಿಗೆ ಕುಗ್ಗುತ್ತದೆ. ಮರವನ್ನು ಮೊದಲೇ ಚೆನ್ನಾಗಿ ಒಣಗಿಸಿದ್ದರೆ ಎರಡನ್ನೂ ತಾಳಿಕೊಳ್ಳುತ್ತದೆ. ಹಸಿಮರದಲ್ಲಿ ಮಾಡಿದ್ದರೆ ಮೊದಲ ಬೇಸಿಗೆಗೇ ಆನೆಯ ಸುತ್ತ ಬಿರುಕು ಬಿಡುತ್ತದೆ. ಸಣ್ಣ ಕೀಲಿ ಹಲಗೆಗೂ ಈ ಪ್ರಶ್ನೆ ಕೇಳುವವರು ಇದ್ದಾರೆ ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಹೀಗೆ ಹುಟ್ಟಿದ ಹಲಗೆ ಹೋಗಿ ಸೇರುವ ಜಾಗವೂ ವಿಶೇಷವಾದದ್ದೇ. ನಮ್ಮ ಹಳೆಯ ಮನೆಗಳಲ್ಲಿ ತಲೆಬಾಗಿಲಿಗೆ ಅಗುಳಿ ಇತ್ತು, ಚಿಲಕ ಇತ್ತು. ಒಳಗೆ ಯಾರಾದರೊಬ್ಬರು ಸದಾ ಇರುತ್ತಿದ್ದರಿಂದ ಬೀಗ ಬೀಳುತ್ತಿದ್ದುದೇ ಅಪರೂಪ. ಬೀಗವೆಂದರೆ ಉಗ್ರಾಣದ್ದು, ಪೆಟ್ಟಿಗೆಯದ್ದು, ದೇವರ ಒಡವೆಯದ್ದು. ಅವುಗಳ ಗೊಂಚಲು ಮನೆಯ ಹಿರಿಯ ಹೆಂಗಸಿನ ಸೊಂಟದಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಅದು ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ದಾಟಿದ ದಿನ ಮನೆಯ ಯಜಮಾನಿಕೆ ಕೈಬದಲಾಯಿತು ಎಂದೇ ಲೆಕ್ಕ. ಉಳಿದ ಒಂದೆರಡು ಕೀಲಿಗಳಿಗೆ ಗೋಡೆಯ ಗೂಟ, ಇಲ್ಲವೇ ದೀಪವಿಡುವ ಗೂಡು.

ಈಗಿನ ಮನೆಯ ಕಥೆ ಬೇರೆ. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಮೂವರೂ ಬೇರೆ ಬೇರೆ ಹೊತ್ತಿಗೆ ಹೊರಟು ಬೇರೆ ಬೇರೆ ಹೊತ್ತಿಗೆ ಬರುತ್ತಾರೆ. ಎಲ್ಲರ ಕೈಯಲ್ಲೂ ಒಂದೊಂದು ಬೀಗದ ಕೈ. ಅದರ ಜೊತೆ ಸ್ಕೂಟರಿನದು, ಕಾರಿನದು, ಅಂಗಡಿಯದು, ಲಾಕರಿನದು, ಊರಿಗೆ ಹೋದ ಪಕ್ಕದ ಮನೆಯವರು ಗಿಡಕ್ಕೆ ನೀರು ಹಾಕಲೆಂದು ಕೊಟ್ಟುಹೋದದ್ದು. ಬೆಳಗಿನ ಗಡಿಬಿಡಿಯಲ್ಲಿ ಫ್ರಿಜ್ಜಿನ ಮೇಲೆ, ಟಿವಿಯ ಹಿಂದೆ, ನಿನ್ನೆಯ ಪ್ಯಾಂಟಿನ ಜೇಬಿನಲ್ಲಿ ಕೀಲಿ ಹುಡುಕುತ್ತ ಆಗುವ ಮಾತಿನ ಚಕಮಕಿ ಯಾರ ಮನೆಗೂ ಹೊಸದಲ್ಲ. ಬಾಗಿಲ ಬದಿಯಲ್ಲಿ ಐದು ಕೊಕ್ಕೆ ಬಂದ ಮೇಲೆ ಆ ಚಕಮಕಿ ತಾನಾಗಿ ತಗ್ಗುತ್ತದೆ. ಅದಕ್ಕಿಂತ ಹೆಚ್ಚಿನದೂ ಒಂದು ಆಗುತ್ತದೆ. ಒಳಗೆ ಬಂದವರು ಮೊದಲು ಆ ಹಲಗೆಯತ್ತ ನೋಡುತ್ತಾರೆ. ಮಗಳ ಸ್ಕೂಟಿಯ ಕೀಲಿ ಕೊಕ್ಕೆಯಲ್ಲಿದೆ, ಅಂದರೆ ಮಗಳು ಬಂದಿದ್ದಾಳೆ. ಅಪ್ಪನ ಕೊಕ್ಕೆ ಖಾಲಿ, ಇನ್ನೂ ದಾರಿಯಲ್ಲಿರಬೇಕು. ಯಾರನ್ನೂ ಕೂಗಿ ಕರೆಯದೆ ಮನೆಯ ಲೆಕ್ಕ ತಿಳಿಯುತ್ತದೆ.

ಇಂಥ ವಸ್ತುವಿಗೆ ಈಗ ಎದುರಾಗಿರುವ ಸ್ಪರ್ಧೆ ಸಣ್ಣದಲ್ಲ. ಮರದ ಹೊಟ್ಟಿನ ಹಲಗೆಯ ಮೇಲೆ ಆನೆಯ ಚಿತ್ರ ಮುದ್ರಿಸಿದ್ದು, ಲೇಸರ್ ಯಂತ್ರದಿಂದ ಕತ್ತರಿಸಿ ಬಣ್ಣ ಬಳಿದದ್ದು ಆನ್‌ಲೈನ್ ಮಾರಾಟದಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವು ಅವುಗಳ ಹೆಸರಿನಲ್ಲೇ ಮಾರಾಟವಾದರೆ ತಕರಾರಿಲ್ಲ. ಮೈಸೂರು ಇನ್‌ಲೇ ಎಂಬ ಹೆಸರು ಹೊತ್ತು ಬಂದಾಗ ಮೋಸವಾಗುವುದು ಕೊಳ್ಳುವವರಿಗೆ ಮಾತ್ರವಲ್ಲ, ಮೇಜಿನ ಮುಂದೆ ಬೆನ್ನು ಬಗ್ಗಿಸಿ ಅಕ್ಕಿಕಾಳಿನಷ್ಟರ ದಂತ ಕತ್ತರಿಸುವ ತರುಣನಿಗೂ. ಬೀಟೆಯೂ ದುಬಾರಿ. ಅದು ನಿಧಾನ ಬೆಳೆಯುವ ಮರ, ಕಾಡಿನಲ್ಲಿ ಅಪಾಯದ ಅಂಚಿಗೆ ಬಂದಿರುವ ಮರ. 2017ರ ಜನವರಿಯಿಂದ ಅದರ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವೂ ಅಪಾಯದಂಚಿನ ಜೀವಿಗಳ ಕುರಿತ ಸೈಟಿಸ್ ಒಪ್ಪಂದದ ನಿಯಂತ್ರಣದಡಿ ಬಂದಿದೆ. ಹಾಗಾಗಿ ಒಂದು ತುಂಡೂ ಇಲ್ಲಿ ವ್ಯರ್ಥವಾಗುವಂತಿಲ್ಲ. ದೊಡ್ಡ ಫಲಕ ಕೊಯ್ದು ಉಳಿದ ಅಂಚುತುಂಡುಗಳು ಕೀಲಿ ಹಲಗೆಯಾಗುವುದು ಬರೀ ಜಾಣತನವಲ್ಲ, ಕಾಡಿಗೆ ತೋರುವ ಗೌರವ.

ನಿಜವಾದ ಇನ್‌ಲೇಯನ್ನು ಗುರುತಿಸುವುದು ಕಷ್ಟವಿಲ್ಲ. ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನಕ್ಕೆ ಆಡಿಸಿ. ಮರದ ತುಂಡುಗಳಾದರೆ ಒಂದೊಂದೂ ಒಂದೊಂದು ಕೋನದಲ್ಲಿ ಹೊಳೆಯುತ್ತದೆ; ಗೆರೆ ದಾಟಿದ ಕೂಡಲೇ ಎಳೆಯ ದಿಕ್ಕು ಬದಲಾಗುತ್ತದೆ. ಮುದ್ರಿಸಿದ ಚಿತ್ರವಾದರೆ ಇಡೀ ಹಲಗೆ ಒಂದೇ ತೆರನಾಗಿ ಮಿನುಗುತ್ತದೆ. ಪಕ್ಕದ ಅಂಚನ್ನೂ ನೋಡಿ. ಇಡೀ ಬೀಟೆಯದೋ, ಪ್ಲೈವುಡ್ಡಿನ ಮೇಲೆ ಬೀಟೆಯ ತೆಳುಹಾಳೆ ಹೊದಿಸಿದ್ದೋ ಅಲ್ಲಿ ಗೊತ್ತಾಗುತ್ತದೆ. ಹೊದಿಸಿದ್ದಾದರೂ ಕೆಟ್ಟದ್ದೇನಲ್ಲ, ಬೆಲೆ ಅದಕ್ಕೆ ತಕ್ಕಂತಿರಬೇಕು ಅಷ್ಟೆ. ಸಯ್ಯಾಜಿರಾವ್ ರಸ್ತೆಯಲ್ಲಿರುವ ಸರ್ಕಾರದ ಕಾವೇರಿ ಮಳಿಗೆಯಲ್ಲಿ ಒಮ್ಮೆ ಕಣ್ಣಾಡಿಸಿದರೆ ಒಳ್ಳೆಯ ಕೆಲಸ ಹೇಗಿರುತ್ತದೆ ಅನ್ನುವುದಕ್ಕೆ ಕಣ್ಣು ಪಳಗುತ್ತದೆ.

ತಾವೇ ಮಾಡಿನೋಡುವ ಆಸೆ ಇರುವವರಿಗೆ ಬೀಟೆಯೇ ಬೇಕೆಂದಿಲ್ಲ. ಊರಿನ ಹಳೆ ಮನೆ ಕೆಡವಿದಾಗ ಉಳಿದ ಕಿಟಕಿಯ ಚೌಕಟ್ಟಿನ ತೇಗ, ಬಾಗಿಲ ಹಲಸು ಇದ್ದರೆ ಅದಕ್ಕಿಂತ ಒಣಗಿದ ಮರ ಯಾವ ಡಿಪೋದಲ್ಲೂ ಸಿಗದು. ಮೊಳೆಗಳನ್ನು ಕಿತ್ತು, ಒಂದಡಿ ತುಂಡು ಮಾಡಿ, ಉಜ್ಜಿ, ಮೊದಲ ಸಲಕ್ಕೆ ಸರಳವಾದ ಎಲೆಯನ್ನೋ ಚೌಕವನ್ನೋ ಬೇರೆ ಬಣ್ಣದ ಮರದಲ್ಲಿ ಕೂರಿಸಿ. ಅಂಟು ಒಣಗಲು ಬಿಡಿ, ಅವಸರ ಮಾಡಬೇಡಿ. ಕೊಕ್ಕೆಗೆ ಮೊದಲು ತೂತು ಕೊರೆಯುವುದನ್ನು ಮರೆಯಬೇಡಿ.

ಕೊಂಡದ್ದಿರಲಿ, ಮಾಡಿದ್ದಿರಲಿ, ಹಲಗೆಯನ್ನು ಮನೆಯ ಚಿಕ್ಕವರ ಕೈಗೂ ಎಟಕುವ ಎತ್ತರದಲ್ಲಿ, ಬಾಗಿಲು ತೆರೆದಾಗ ಹೊರಗಿನವರ ಕಣ್ಣಿಗೆ ನೇರ ಬೀಳದ ಬದಿಯಲ್ಲಿ ಹಾಕಿ. ನೇರ ಬಿಸಿಲಿಗೆ ಬೀಟೆ ಬಣ್ಣ ಕಳೆದುಕೊಳ್ಳುತ್ತದೆ, ಮಳೆಯ ಎರಚಲಿಗೆ ಅಂಟು ಸಡಿಲವಾಗುತ್ತದೆ, ಎರಡರಿಂದಲೂ ದೂರವಿಡಿ. ಒದ್ದೆ ಬಟ್ಟೆ ಬೇಡ, ಒಣಬಟ್ಟೆಯಿಂದ ಒರೆಸಿದರೆ ಸಾಕು. ಮೈಸೂರಿಗೆ ಹೋದಾಗ ಅಂಗಡಿಯಲ್ಲಿ ಕೀಲಿ ಹಲಗೆ ಕಂಡರೆ, ಚೌಕಾಸಿಗೆ ಇಳಿಯುವ ಮೊದಲು ಅದನ್ನು ಬೆಳಕಿಗೆ ಹಿಡಿದು ಆನೆಯ ದಂತ ಯಾವ ಮರದ್ದು ಎಂದು ಕೇಳಿ. ಹಾಲೆ ಎಂದು ಹೇಳಬಲ್ಲವರ ಅಂಗಡಿಯಲ್ಲೇ ಕೊಳ್ಳಿ, ಕೇಳಿದ ನ್ಯಾಯವಾದ ಬೆಲೆಯನ್ನು ಕೊಡಿ. ಅರಮನೆಯ ಬಾಗಿಲಿಗೆ ದುಡಿದ ಕಸುಬು ನಮ್ಮ ಬಾಗಿಲಿಗೂ ದುಡಿಯುತ್ತಿದೆ. ಅದನ್ನು ಉಳಿಸುವುದು ಅರಸರ ಕಾಲದಲ್ಲಿ ಅರಸರ ಹೊಣೆಯಾಗಿತ್ತು, ಇಂದು ಅದು ಕೊಳ್ಳುವ ನಮ್ಮ ಹೊಣೆ.